ನಿಂತಲ್ಲೇ ನಿಂತ ಹಿಂಡು

ಕೃಷ್ಣೆಯಿಂದ ಘಟಪ್ರಭೆಯವರೆಗಿನ ಭೂಮಂಡಲದಲ್ಲಿ ಸಾವಳಗಿಯ ಕುರುಬ ಹಾಲಸಿದ್ದಪ್ಪನಷ್ಟು ನಡೆದವರು ಯಾರೂ ಇರಲಿಲ್ಲ. ಜಮಖಂಡಿಯ ಸಂಸ್ಥಾನ ಹೋಗಿ ಮುಂಬಯಿ ಸರಕಾರ ಬಂದದ್ದು ಕೂಡ ಅವನಿಗೆ ತಡವಾಗಿ ತಿಳಿಯಿತು; ಆಗ ಅವನು ಕುರಿಗಳ ಹಿಂದೆ ಅನಗವಾಡಿಯ ಹೊಳೆದಂಡೆಯಲ್ಲಿದ್ದ. ಹೆಗಲ ಕಂಬಳಿಯೇ ಅವನ ಪಟ್ಟದ ಶಾಲು. ಅವನು ಕೂತು ಉಂಡದ್ದನ್ನು ಕಂಡವರು ಕಡಿಮೆ.

ಈ ಚಕ್ರವರ್ತಿಗೆ ಮಕ್ಕಳಿರಲಿಲ್ಲ. ತಪ್ಪು ಸೊಸೆ ಯಲ್ಲಕ್ಕನದೆಂದು ತಾಯಿ ತಂಗೆವ್ವ ವಿಚಾರಣೆಯಿಲ್ಲದೆ ತೀರ್ಪು ಕೊಟ್ಟು, ಬೀಳಗಿ ಕಡೆಯ ಕರೆಪ್ಪನ ಮಗಳನ್ನು ಎರಡನೆಯವಳಾಗಿ ತರಲು ಮಾತು ನಡೆಸಿದ್ದಳು. ಒಬ್ಬನಿಗೆ ಇಬ್ಬರು ಹೆಂಡಿರು ಕೂಡದೆಂದು ಮುಂಬಯಿಯಲ್ಲಿ ಕಾಯ್ದೆ ಇತ್ತಂತೆ. ಅದಿನ್ನೂ ಸಾವಳಗಿಯ ತನಕ ನಡೆದು ಬಂದಿರಲಿಲ್ಲ. ಹಾಲಸಿದ್ದಪ್ಪ ಬೇಕೆನ್ನಲಿಲ್ಲ, ಬೇಡವೆನ್ನಲೂ ಇಲ್ಲ.

ಬುತ್ತಿ ಕಟ್ಟುತ್ತ ಯಲ್ಲಕ್ಕ ಕೇಳಿದಳು: “ಹಿಂಡಿನಾಗ ಕುರಿ ಗಬ್ಬ ಆಗಲಿಲ್ಲಂದ್ರ ಮೊದಲ ಏನ ಮಾಡ್ತೀರಿ?”

“ಟಗರ ನೋಡ್ತೀನಿ. ಐಬಿದ್ರ ಬದಲಸ್ತೀನಿ.”

“ಕುರಿ ಮಾರಂಗಿಲ್ಲೇನು?”

“ಹುಚ್ಚಿ, ಕುರಿ ಯಾಕ ಮಾರ್ಲಿ?”

“ಮತ್ತ ಈ ಮನ್ಯಾಗ ಟಗರ ನೋಡಿದವರು ಯಾರು?”

ಸಾಮ್ರಾಟ ನಿಂತೇ ತಿನ್ನುತ್ತಿದ್ದ ರೊಟ್ಟಿಯನ್ನು ಕೆಳಗಿಟ್ಟ.

“ಜಮಖಂಡಿ ಡಾಕ್ಟರು ನನ್ನ ನೋಡ್ಯಾರ, ಐಬಿಲ್ಲಂದಾರ. ನೀವೂ ಹೋಗಿ ಬರ್ರಿ. ಆಮ್ಯಾಲ ಯಾರನ್ನ ತಂದ್ರೂ ನಾನ ಬಾಗಲಾ ತೆಗಿತೀನಿ.”

ಜಮಖಂಡಿಯಲ್ಲಿ ತೇರದಾಳದ ಬಾಹುಬಲಿ ಡಾಕ್ಟರ ದವಾಖಾನೆ ಇತ್ತು. ಅಲ್ಲೊಂದು ಸೂಕ್ಷ್ಮದರ್ಶಕವೂ ಇತ್ತು. ಕೈಗೆ ಸಣ್ಣ ಬಾಟಲಿ ಕೊಟ್ಟು ಹಿಂದಿನ ಕೋಣೆಗೆ ಕಳಿಸಿದಾಗ ಚಕ್ರವರ್ತಿಯ ಮುಖ ಹೇಗಿತ್ತೆಂಬುದನ್ನು ಇತಿಹಾಸ ದಾಖಲಿಸಿಲ್ಲ. ಡಾಕ್ಟರು ಮೊದಲು ಹೊಂಡದ ನೀರಿನ ಹನಿಯೊಂದನ್ನು ತೋರಿಸಿದರು. ಕಣ್ಣಿಗೆ ಕಾಣದ ಜೀವಿಗಳು ಅದರಲ್ಲಿ ಸರಸರ ಓಡಾಡುತ್ತಿದ್ದವು. ಆಮೇಲೆ ಅವನದೇ ಹನಿ. ಗಾಜಿನ ತುಂಬ ಬಾಲವಿರುವ ಬೀಜಾಣುಗಳು.

“ನನ್ನ ಹಿಂಡಿಗಿಂತಾ ಭಾಳ ಅದಾವಲ್ರೀ!”

“ಅದಾವ. ಆದ್ರ ಒಂದೂ ನಡಿಯವಲ್ದು.”

ಹಾಲಸಿದ್ದಪ್ಪ ಬಗ್ಗಿ, ಹಿಂಡು ಎಬ್ಬಿಸುವ ಕೂಗು ಹಾಕಿಯೇ ಬಿಟ್ಟ: “ಹುರ್‍ರ್‍ರ್... ಹೋ!” ಹೊರಗೆ ಕೂತಿದ್ದ ರೋಗಿಗಳೆಲ್ಲ ಎದ್ದು ನಿಂತರು. ಗಾಜಿನ ಹಿಂಡು ಮಾತ್ರ ಏಳಲಿಲ್ಲ. ಡಾಕ್ಟರು ಗಾಜನ್ನು ತುಸು ಓರೆ ಮಾಡಿದರು.

“ಹೊಂಟ್ವು ಸಾಹೇಬ್ರ!”

“ಅದು ಹನಿ ಹರದದ್ದು, ಅವು ನಡದದ್ದಲ್ಲ. ತಾವ ಬಾಲಾ ಬಡದು ಮುಂದ ಹೋಗಬೇಕು. ಅದಕ್ಕ ಚಲನಶಕ್ತಿ ಅಂತಾರ. ಹೆಣ್ಣಿನ ಬೀಜದ ತನಕ ಅವಕ್ಕ ದೂರದ ದಾರಿ. ಮುಟ್ಟಲಿಲ್ಲಂದ್ರ ಕೂಸಿಲ್ಲ.”

“ಔಷಧ?”

“ಮುಂದ ಇನ್ನೊಮ್ಮಿ ನೋಡೂಣು. ಆದ್ರ ಆಸೆ ಹಚ್ಚಂಗಿಲ್ಲ.”

ಊರಿನ ದಾರಿಯಲ್ಲಿ ಅವನ ಕಾಲುಗಳು ಮೊದಲ ಸಲ ಭಾರವಾದವು. ಇಷ್ಟು ವರ್ಷ ತಾನು ನಡೆದದ್ದಾದರೂ ಯಾವ ನಡಿಗೆ? ಹುಲ್ಲಿದ್ದ ಕಡೆ ಕುರಿ, ಕುರಿ ಹೋದ ಕಡೆ ತಾನು. ಅವ್ವ ಮದುವೆಯಾಗು ಎಂದಾಗ ಆದ. ಇನ್ನೊಂದಾಗು ಎಂದರೆ ಅದಕ್ಕೂ ತಯಾರು. ಗಾಜು ಓರೆಯಾದಂತೆಲ್ಲ ಜಾರಿದವನು.

ಮನೆಯ ಕಟ್ಟೆಯ ಮೇಲೆ ಕರೆಪ್ಪ ಕೂತಿದ್ದ. ಯಲ್ಲಕ್ಕ ಬಾಗಿಲಲ್ಲಿ ನಿಂತಿದ್ದಳು. ತಂಗೆವ್ವ ಎಲೆ ಅಡಿಕೆಯ ತಟ್ಟೆಯನ್ನು ಮಗನತ್ತ ನೂಕಿದಳು: “ಲೇ ಸಿದ್ದ್ಯಾ, ಎಲಿ ತಗೋ. ಮಾತ ಮುಗಸು.”

ಡಾಕ್ಟರ ಮಾತು ಅಲ್ಲಿದ್ದ ಯಾರಿಗೂ ಗೊತ್ತಿರಲಿಲ್ಲ. ಎಲೆ ಬಾಯಿಗೆ ಹಾಕಿಕೊಂಡಿದ್ದರೆ ಅವನ ಮಾನ ಉಳಿಯುತ್ತಿತ್ತು, ಯಲ್ಲಕ್ಕನ ಮನೆ ಹೋಗುತ್ತಿತ್ತು. ಅವನು ತಟ್ಟೆಯನ್ನು ಹಿಂದಕ್ಕೆ ಸರಿಸಿದ.

“ಕರೆಪ್ಪ ಮಾವಾ, ಮಗಳನ್ನ ಬ್ಯಾರೆ ಮನಿಗೆ ಕೊಡ್ರಿ. ಐಬು ಕುರೀದಲ್ಲ, ಟಗರಿಂದು.”

ಕರೆಪ್ಪನೂ ಕುರುಬ, ಬಿಡಿಸಿ ಹೇಳಬೇಕಾಗಲಿಲ್ಲ. ಅವನು ನಗಲಿಲ್ಲ. ಕೋಲು ಹಿಡಿದು ಎದ್ದು, “ಆತಪಾ, ಛಲೋ ಆತು ಹೇಳಿದ್ದು” ಎಂದು ಹೊರಟ. ತಂಗೆವ್ವ ಸೆರಗಿನಿಂದ ಮುಖ ಮುಚ್ಚಿಕೊಂಡು ಒಳಗೆ ಹೋದಳು. ಅತ್ತಳೋ, ಬೈದಳೋ ತಿಳಿಯಲಿಲ್ಲ.

ಯಲ್ಲಕ್ಕ ಕಣ್ಣು ಒರೆಸಿಕೊಂಡು, ಬಿಸಿ ರೊಟ್ಟಿ ತಂದಿಟ್ಟಳು.

“ಹಂಗಾರ ಟಗರ ಬದಲಸೂದು ಯಾವಾಗ್ರಿ?”

“ನೀನ ಹೇಳಬೇಕಬೇ,” ಎಂದ ತಲೆ ತಗ್ಗಿಸಿ.

“ಈಗೇನೂ ಅವಸರಿಲ್ಲ. ಕುಂತು ಉಣ್ರಿ.”

ಚಕ್ರವರ್ತಿ ಅಂದು ಕೂತು ಉಂಡ.