ಶರಣವ್ವನ ಬಂದೂಕು ವಿಮಾನ ಹತ್ತಿದ್ದು

ತೊಂಬತ್ತಾರರ ಲೋಕಸಭಾ ಚುನಾವಣೆ ಬಂದಾಗ ಹುಬ್ಬಳ್ಳಿ ಹತ್ತಿರದ ಗಬ್ಬೂರಿನಲ್ಲಿ ಲೈಸೆನ್ಸ್ ಇದ್ದವರೆಲ್ಲ ವಾಡಿಕೆಯಂತೆ ತಮ್ಮ ಬಂದೂಕುಗಳನ್ನು ಪೊಲೀಸ್ ಠಾಣೆಗೆ ಒಪ್ಪಿಸಿ ಬಂದರು. ಶಾಂತಯ್ಯ ಹಿರೇಮಠರೂ ಒಪ್ಪಿಸಿದರು. ಅವರದು ಎರಡು ನಳಿಗೆಯ ಹಳೆಯ ಬಂದೂಕು. ಶೇಂಗಾ ಹೊಲಕ್ಕೆ ನುಗ್ಗುವ ಹಂದಿಗಳನ್ನು ಹೆದರಿಸಲೆಂದು ಅವರ ತಂದೆ ಕೊಂಡದ್ದು. ಮತದಾನ ಮುಗಿಯಿತು, ಎಣಿಕೆಯೂ ಮುಗಿಯಿತು. ಬಂದೂಕು ಬಿಡಿಸಿಕೊಂಡು ಬರುವ ಮೊದಲೇ ಶಾಂತಯ್ಯನವರಿಗೆ ಹೊಲದಲ್ಲಿ ಎದೆನೋವು ಬಂತು. ಹುಬ್ಬಳ್ಳಿಯ ಆಸ್ಪತ್ರೆ ಮುಟ್ಟುವಷ್ಟರಲ್ಲಿ ಎಲ್ಲಾ ಮುಗಿದಿತ್ತು.

ಹೆಂಡತಿ ಶರಣವ್ವನಿಗೆ ಆಗ ಮೂವತ್ತಾರು ವರ್ಷ. ಮಗಳು ಸೌಮ್ಯಾ ಶಾಲೆಗೆ ಹೋಗುತ್ತಿದ್ದಳು. ದಿನಕರ್ಮ ಮುಗಿದ ಮೇಲೆ ಶರಣವ್ವ ಬಂದೂಕು ಕೇಳಲು ಠಾಣೆಗೆ ಹೋದರು. ಲೈಸೆನ್ಸ್ ಇದ್ದವರೇ ಇಲ್ಲವೆಂದ ಮೇಲೆ ಯಾರ ಕೈಗೆ ಕೊಡುವುದು ಎಂದರು ಅಲ್ಲಿಯವರು. ಅವರು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಮನೆಗೆ ಬಂದರೆ ಮೈದುನ ಬಸವಪ್ರಭು ಕಾಯುತ್ತ ಕೂತಿದ್ದ. ನವನಗರದಲ್ಲಿ ಮನೆ ಕಟ್ಟಿಸಿಕೊಂಡು ಅರಳೆ ವ್ಯಾಪಾರ ಮಾಡುತ್ತಿದ್ದ ಮನುಷ್ಯ.

"ವೈನಿ, ನೀವ ಒಂದ ಸಹಿ ಮಾಡಿ ಕೊಡ್ರಿ. ಬಂದೂಕ ನನ್ನ ಹೆಸರಿಗಿ ಮಾಡಿಸ್ಕೋತೇನಿ. ಹೆಣಮಕ್ಕಳ ಇರೂ ಮನ್ಯಾಗ ಅದು ಯಾಕ?"

"ಹಂದಿ ನಿಮ್ಮ ನವನಗರದ ಮನಿಗಿ ಬರ್ತಾವೇನು?" ಎಂದರು ಶರಣವ್ವ.

"ಹಂಗಲ್ರಿ ವೈನಿ..."

"ಹೊಲ ನಾ ಮಾಡಾಕಿ. ಹಂದಿ ನನ್ನ ಹೊಲಕ್ಕ ಬರೂವು. ಬಂದೂಕ ನನ್ನ ಕಡೆ ಇರ್ತೈತಿ."

ಬಸವಪ್ರಭು ಚಹಾ ಕುಡಿಯದೇ ಎದ್ದು ಹೋದ.

ಲೈಸೆನ್ಸನ್ನು ತಮ್ಮ ಹೆಸರಿಗೆ ಕೊಡಿರೆಂದು ಅರ್ಜಿ ಹಾಕಿ ಶರಣವ್ವ ಧಾರವಾಡದ ಸರಕಾರಿ ಕಚೇರಿಗೆ ಎಷ್ಟು ಸಲ ಅಲೆದರೆಂಬುದಕ್ಕೆ ಲೆಕ್ಕವಿಲ್ಲ. ಒಬ್ಬ ಅಧಿಕಾರಿ ಕನ್ನಡಕದ ಮೇಲಿಂದ ನೋಡಿ, "ನಿಮಗ್ಯಾಕ ಬೇಕ್ರಿ ಬಂದೂಕ?" ಎಂದು ಕೇಳಿದರು.

"ನನ್ನ ಗಂಡಗ ಯಾಕ ಬೇಕಂತ ಆಗ ಯಾರಾದ್ರೂ ಕೇಳಿದ್ರೇನ್ರಿ? ಕೇಳಿದ್ರ, ಅವರು ಏನ್ ಹೇಳಿದ್ರೋ ಅದನ್ನ ಬರಕೋರಿ. ಅದ ಹೊಲ, ಅವ ಹಂದಿ."

ವರ್ಷ ದಾಟಿದ ಮೇಲೆ ಲೈಸೆನ್ಸ್ ಬಂತು, ಠಾಣೆಯಿಂದ ಬಂದೂಕೂ ಬಂತು. ಲೈಸೆನ್ಸಿನಲ್ಲಿ ಸೆರಗು ಹೊದ್ದು, ಹಣೆಗೆ ವಿಭೂತಿ ಹಚ್ಚಿಕೊಂಡ ಶರಣವ್ವನದೇ ಫೋಟೋ. ಪಕ್ಕದ ಮನೆಯ ಹನುಮವ್ವ ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಕೊರಳಾಗ ಲಿಂಗ, ಕೈಯಾಗ ಬಂದೂಕ. ಹ್ಯಾಂಗ ಕೂಡ್ತೈತ್ರಿ ಅಮ್ಮಾರ?" ಎಂದಳು. "ನಾ ಏನ್ ಕೊಲ್ಲಾಕ ಹೊಂಟೇನೇನು? ಆಕಾಶಕ್ಕ ಒಂದ ಹೊಡದ್ರ ಸಪ್ಪಳಕ್ಕ ಓಡಿ ಹೋಗ್ತಾವ," ಎಂದರು ಶರಣವ್ವ.

ಆದರೆ ಮೊದಲ ಗುಂಡು ಹಾರಿಸಿದ ದಿನ ಹಂದಿ ಓಡಿತೋ ಇಲ್ಲವೋ, ಶರಣವ್ವ ಮಾತ್ರ ಬದುವಿನ ಮೇಲೆ ಕೂತುಬಿಟ್ಟರು. ಹೆಗಲು ನೀಲಿಗಟ್ಟಿತು. ಬಂದೂಕಿನಲ್ಲೇ ಏನೋ ಕೆಟ್ಟಿದೆ ಎಂದುಕೊಂಡು ಹುಬ್ಬಳ್ಳಿಯಲ್ಲಿ ಬಂದೂಕು ರಿಪೇರಿ ಮಾಡುತ್ತಿದ್ದ ಶರೀಫಸಾಬರ ಬಳಿ ಒಯ್ದರು. ಶರೀಫಸಾಬರು ಮಿಲಿಟರಿಯಿಂದ ನಿವೃತ್ತರಾಗಿ ಬಂದವರು. ಬಂದೂಕು ಬಿಚ್ಚಿ ನೋಡಿ ನಕ್ಕರು.

"ಇದಕ್ಕೇನೂ ಆಗಿಲ್ಲ ಬೇಟಾ. ನೀ ಸಡಲ ಹಿಡದಿ, ಅದು ಒದೀತು. ಕಲೀತಿಯೇನು ಹೇಳು, ಕಲಸ್ತೇನಿ."

ಧಾರವಾಡದ ಆಚೆ ಒಂದು ಗುಡ್ಡದ ಬದಿಯಲ್ಲಿ ಬಂದೂಕಿನ ಶೋಕಿ ಇದ್ದ ಕೆಲವರು ಭಾನುವಾರ ಸೇರುತ್ತಿದ್ದರು. ಒಂದು ಯಂತ್ರ ಮಣ್ಣಿನ ಬಿಲ್ಲೆಗಳನ್ನು ಗಾಳಿಗೆ ಎಸೆಯುತ್ತಿತ್ತು. ಹಾರುವ ಬಿಲ್ಲೆಗೆ ಗುರಿಯಿಟ್ಟು ಹೊಡೆಯಬೇಕು. ಶರೀಫಸಾಬರು ಶರಣವ್ವನನ್ನು ಅಲ್ಲಿಗೆ ಕರೆದೊಯ್ದರು. ಮೊದಲ ದಿನ ಒಂದು ಬಿಲ್ಲೆಯೂ ಒಡೆಯಲಿಲ್ಲ. ಟೊಪ್ಪಿಗೆ ಹಾಕಿಕೊಂಡು ನಿಂತವರು ಮುಖ ತಿರುಗಿಸಿ ನಕ್ಕರು. ಮುಂದಿನ ಭಾನುವಾರವೂ ಶರಣವ್ವ ಬಂದರು, ಅದರ ಮುಂದಿನ ಭಾನುವಾರವೂ ಬಂದರು. ಮಳೆಗಾಲ ಕಳೆದು ಹಿಂಗಾರಿ ಬಿತ್ತನೆಯ ಹೊತ್ತಿಗೆ ಬಿಲ್ಲೆಗಳು ಒಡೆಯತೊಡಗಿದವು. ಹೊಡೆತ ಬಿದ್ದಾಗ ಬಿಲ್ಲೆ ಪುಡಿಯಾಗಿ ಗಾಳಿಯಲ್ಲಿ ಹರಡುವುದನ್ನು ನೋಡುವುದೇ ಅವರಿಗೊಂದು ಸುಖ. ರಕ್ತವಿಲ್ಲ, ಜೀವಹಿಂಸೆಯಿಲ್ಲ. ತಾನು, ತನ್ನ ಕಣ್ಣು, ಹಾರುವ ಬಿಲ್ಲೆ, ಇಷ್ಟೇ.

ಕೆಲವು ವರ್ಷಗಳಲ್ಲಿ ಶರಣವ್ವ ರಾಜ್ಯದ ಸ್ಪರ್ಧೆಗಳಿಗೆ ಹೋದರು. ಆಮೇಲೆ ದಿಲ್ಲಿಯ ರಾಷ್ಟ್ರಮಟ್ಟದ ಸ್ಪರ್ಧೆಗೂ ಎರಡು ಸಲ ರೈಲಿನಲ್ಲಿ ಹೋಗಿಬಂದರು. ಬಂದೂಕಿನ ಪೆಟ್ಟಿಗೆಯನ್ನು ಸೀಟಿನ ಕೆಳಗಿಟ್ಟು, ಅದಕ್ಕೆ ಕಟ್ಟಿದ ಸರಪಳಿಯನ್ನು ತಮ್ಮ ಕಾಲಿಗೆ ಸುತ್ತಿಕೊಂಡು ಕೂತಿರುತ್ತಿದ್ದರು. ಯಾರಾದರೂ ಎತ್ತಿಕೊಂಡು ಇಳಿದಾರೆಂಬ ಭಯಕ್ಕೆ ದಾರಿಯುದ್ದ ಕಣ್ಣು ಮುಚ್ಚುತ್ತಿರಲಿಲ್ಲ. ದಿಲ್ಲಿಯಲ್ಲಿ ಬಿಲ್ಲೆ ಹಾರಿದರೆ ಒಂದರ ಬದಲು ಎರಡು ಕಾಣುತ್ತಿದ್ದವು.

ಎರಡು ಸಾವಿರದ ಆರರ ಹೊತ್ತಿಗೆ ಹುಬ್ಬಳ್ಳಿಗೆ ಸಣ್ಣ ವಿಮಾನ ಬರತೊಡಗಿತ್ತು. ಶರಣವ್ವ ಮಗಳಿಗೆ ಹೇಳಿದರು: "ಈ ಸಲ ನಾ ವಿಮಾನದಾಗ ಹೋಗ್ತೇನಿ. ನಿದ್ದಿ ಮಾಡಿ ಹೋಗಿ ಹೊಡದ್ರ ಹ್ಯಾಂಗ ಆಗ್ತೈತಿ ನೋಡೂಣು."

ಸೌಮ್ಯಾ ಆಗ ಕಾಲೇಜಿನಲ್ಲಿದ್ದಳು. ಟಿಕೆಟ್ ತೆಗೆಸುವಾಗಲೇ ಬಂದೂಕಿನ ವಿಷಯ ಹೇಳಿದ್ದಳು. ತನ್ನಿ, ವಿಮಾನ ನಿಲ್ದಾಣದಲ್ಲಿ ತೋರಿಸಿ ಎಂದಿದ್ದರು ಟಿಕೆಟಿನವರು. ಶರಣವ್ವ ಬಂದೂಕನ್ನು ಬಿಚ್ಚಿ, ನಳಿಗೆ ಬೇರೆ ಹಿಡಿ ಬೇರೆ ಮಾಡಿ, ಬೆಂಗೇರಿಯ ಬಡಿಗೇರ ಮಾಡಿಕೊಟ್ಟ ಪೆಟ್ಟಿಗೆಯಲ್ಲಿಟ್ಟು ಕೀಲಿ ಹಾಕಿದರು. ಬಂದೂಕಿಗೆ ತುಂಬುವ ಕಾಡತೂಸುಗಳನ್ನು ಇನ್ನೊಂದು ಡಬ್ಬಿಯಲ್ಲಿ ಬೇರೆಯಾಗಿ ಇಟ್ಟರು. ಸ್ಪರ್ಧೆಗೆ ಎರಡು ದಿನ ಮೊದಲೇ ತಾಯಿ ಮಗಳು ರಿಕ್ಷಾ ಮಾಡಿಕೊಂಡು ಗೋಕುಲ ರೋಡಿನ ವಿಮಾನ ನಿಲ್ದಾಣಕ್ಕೆ ಬಂದರು. ಸೌಮ್ಯಾ ಬಿಟ್ಟು ಹೋಗಲು ಬಂದವಳು. ಒಳಗಿನವರನ್ನು ಕೇಳಿಕೊಂಡು ಕೌಂಟರಿನವರೆಗೂ ಬಂದಳು.

ಕೌಂಟರಿನಲ್ಲಿದ್ದ ವಿಮಾನ ಕಂಪನಿಯ ಅಧಿಕಾರಿ ವಿನೋದ ಬೆಂಗಳೂರು ಕಡೆಯ ತರುಣ. ಪೆಟ್ಟಿಗೆಯ ಮೇಲೆ ಕೈಯಿಟ್ಟು, "ಇದ್ರಲ್ಲಿ ಏನಿದೆ ಮೇಡಂ?" ಎಂದ.

"ಬಂದೂಕ."

"ಏನಂದ್ರಿ?"

"ಬಂದೂಕ ರೀ. ಆ ಡಬ್ಬ್ಯಾಗ ಕಾಡತೂಸ ಅದಾವು. ಲೈಸೆನ್ಸ್ ಇಲ್ಲೈತಿ ನೋಡ್ರಿ."

ವಿನೋದ ಪೆಟ್ಟಿಗೆಯ ಮೇಲಿನ ಕೈಯನ್ನು ಬಿಸಿ ತಾಗಿದವನಂತೆ ಹಿಂದಕ್ಕೆಳೆದುಕೊಂಡ. ಲೈಸೆನ್ಸ್ ನೋಡಿದ, ಫೋಟೋ ನೋಡಿದ, ಶರಣವ್ವನ ಮುಖ ನೋಡಿದ.

"ಇದುವರೆಗೂ ಇಲ್ಲಿ ಯಾರೂ ಗನ್ ತಂದಿಲ್ಲ ಮೇಡಂ. ಇದೆಲ್ಲಾ ಆಗಲ್ಲ. ಯಜಮಾನ್ರು ಬಂದಿದಾರಾ? ಅವರ ಹತ್ರ ಮಾತಾಡ್ತೀನಿ."

"ಯಜಮಾನರು ತೀರಿಕೊಂಡ ಹತ್ತ ವರ್ಷ ಆತು. ಈಗ ಯಜಮಾನಿಕಿ ನಂದ. ನನ್ನ ಕೂಡ ಮಾತಾಡ್ರಿ."

ಸಾಲಿನಲ್ಲಿ ಹಿಂದೆ ನಿಂತಿದ್ದ ಸಫಾರಿ ಅಂಗಿಯ ಹಿರಿಯರೊಬ್ಬರು ಕತ್ತು ಚಾಚಿದರು. "ಅಮ್ಮಾರ, ಬಂದೂಕ ಇಟ್ಟ ವಿಮಾನದಾಗ ನಾವ ಹ್ಯಾಂಗ ಕೂಡೂದ್ರಿ?"

ಶರಣವ್ವ ತಿರುಗಿದರು. "ಅದು ಕೆಳಗ ಸಾಮಾನಿನ ಕೂಡ ಇರ್ತೈತ್ರಿ, ಬಿಚ್ಚಿದ್ದು, ಖಾಲಿ. ನಾ ಮ್ಯಾಲ ನಿಮ್ಮ ಬಾಜೂಕ ಇರ್ತೇನಿ. ನಿಮಗ ಅಂಜಿಕಿ ಬಂದೂಕದ್ದೋ, ನಂದೋ?"

ಸಾಲಿನಲ್ಲಿದ್ದವರು ನಕ್ಕರು. ಶರಣವ್ವ ನಗಲಿಲ್ಲ.

ವಿನೋದನಿಗೆ ವಿಮಾನದ ಹೊತ್ತಾಗುತ್ತಿತ್ತು. ತನಗೆ ತೋಚಿದ ದಾರಿ ಹೇಳಿದ: "ಒಂದು ಕೆಲಸ ಮಾಡಿ ಮೇಡಂ. ಬುಲೆಟ್ ಇಲ್ಲೇ ಬಿಟ್ಟು ಹೋಗಿ. ಗನ್ ಹೇಗಾದ್ರೂ ನೋಡೋಣ."

"ಪೆನ್ನ ಒಯ್ಯಿರಿ, ಶಾಯಿ ಬಿಟ್ಟ ಹೋಗ್ರಿ ಅಂದಂಗ ಆತಲ್ರಿ ಇದು. ಹೋಗಿ ಏನ್ ಮಾಡ್ಲಿ?"

"ಹಾಗಾದ್ರೆ ಆಗಲ್ಲ ಮೇಡಂ."

"ಆಗೂದಿಲ್ಲಾ? ಆಗೂದಿಲ್ಲಂತ ಬರದು ಕೊಡ್ರಿ. ಯಾಕ ಆಗೂದಿಲ್ಲ ಅನ್ನೂದನ್ನೂ ಬರೀರಿ. ಕೆಳಗ ನಿಮ್ಮ ಹೆಸರ ಹಾಕಿ ಸಹಿ ಮಾಡ್ರಿ. ತಗೊಂಡ ಮನಿಗಿ ಹೋಗ್ತೇನಿ."

ವಿನೋದ ಬರೆದುಕೊಡಲಿಲ್ಲ. ಶರಣವ್ವ ಬದಿಯಲ್ಲಿದ್ದ ಕುರ್ಚಿಯೊಂದನ್ನು ಎಳೆದು ಕೌಂಟರಿನ ಎದುರಿಗೆ ಹಾಕಿಕೊಂಡರು. ಪೆಟ್ಟಿಗೆಯನ್ನು ಕಾಲ ಬಳಿ ಇಟ್ಟುಕೊಂಡು ಕೂತರು. ಸಾಲು ಅವರನ್ನು ಬಳಸಿಕೊಂಡು ಮುಂದೆ ಹೋಗತೊಡಗಿತು.

"ಅವ್ವಾ, ಏಳ ಬೇ. ಎಲ್ಲಾರೂ ನೋಡಾಕತ್ತಾರ," ಎಂದಳು ಸೌಮ್ಯಾ ಪಿಸುದನಿಯಲ್ಲಿ.

"ನೋಡ್ಲಿ. ನಾ ಏನ್ ಕದ್ದ ತಂದೇನೇನು?"

ಕಾವಲಿಗಿದ್ದ ಪೊಲೀಸರು ಬಂದು ಲೈಸೆನ್ಸ್ ನೋಡಿದರು. ಕಾಗದ ಸರಿಯಾಗಿದೆ, ವಿಮಾನದೊಳಗೆ ತೆಗೆದುಕೊಳ್ಳುವುದು ಬಿಡುವುದು ಕಂಪನಿಗೆ ಬಿಟ್ಟದ್ದು ಎಂದು ಹೇಳಿ ಹೋದರು. ವಿನೋದ ಕಾಗದದ ಕಡೆ ಕೈಯನ್ನೂ ಒಯ್ಯಲಿಲ್ಲ, ಶರಣವ್ವ ಕುರ್ಚಿಯಿಂದ ಅಲುಗಲೂ ಇಲ್ಲ. ಬೆಂಗಳೂರಿನಿಂದ ವಿಮಾನ ಬಂತು. ಬಂದವರು ಇಳಿದರು, ಹೋಗುವವರು ಹತ್ತಿದರು. ಸಫಾರಿ ಅಂಗಿಯವರು ಹೋಗುವಾಗ ಒಮ್ಮೆ ತಿರುಗಿ ನೋಡಿದರು. ಸ್ವಲ್ಪ ಹೊತ್ತಿನಲ್ಲಿ ರೆಕ್ಕೆಯ ಪಂಖಗಳ ಸದ್ದು ಏರಿ, ದೂರಾಗಿ, ನಿಂತುಹೋಯಿತು.

ಸೌಮ್ಯಾ ಅಳತೊಡಗಿದಳು. ಶರಣವ್ವನಿಗೂ ಎದ್ದು ಹೋಗಿಬಿಡೋಣ ಎನ್ನಿಸಿತು. ಆದರೆ ಈಗ ಎದ್ದು ಹೋದರೆ, ಹೆಣ್ಣುಮಗಳೊಬ್ಬಳು ಬಂದೂಕು ತಂದಿದ್ದಳು, ಬೈದು ಕಳಿಸಿದೆವು ಎಂದು ಇವರು ನಾಳೆ ಹೇಳಿಕೊಂಡು ನಗುತ್ತಾರೆ. ಅದನ್ನು ನೆನೆದು ಪೆಟ್ಟಿಗೆಯನ್ನು ಕಾಲಿಗೆ ಇನ್ನಷ್ಟು ಹತ್ತಿರ ಎಳೆದುಕೊಂಡರು.

ಖಾಲಿಯಾದ ಹಜಾರದಲ್ಲಿ ಮೂವರೇ ಉಳಿದರು. ವಿನೋದ ಚಹಾ ತರಿಸಿ ತಾನೇ ತಂದುಕೊಟ್ಟ. "ಫ್ಲೈಟ್ ಹೋಯ್ತಲ್ಲ ಮೇಡಂ. ಇನ್ನೇನು ಮಾಡ್ತೀರಾ ಇಲ್ಲಿ?"

"ಕೂಡ್ತೇನಿ. ನೀವ ಬರದು ಕೊಟ್ಟ ಮ್ಯಾಲ ಏಳ್ತೇನಿ. ಚಾ ಅಲ್ಲಿಡ್ರಿ, ಆಮ್ಯಾಲ ಕುಡೀತೇನಿ."

"ಬರೆದುಕೊಟ್ರೆ ನನ್ನ ಕೆಲಸಕ್ಕೇ ತೊಂದ್ರೆ ಆಗುತ್ತೆ ಮೇಡಂ."

"ಬರದ್ರ ತೊಂದ್ರಿ ಆಗೂ ಮಾತು ಬಾಯಿಲೆ ಹ್ಯಾಂಗ ಹೇಳಿದ್ರಿ?"

ವಿನೋದ ಕೌಂಟರಿನ ಹಿಂದಕ್ಕೆ ಹೋದ. ಕೊನೆಗೆ ಫೋನೆತ್ತಿ ಬೆಂಗಳೂರಿನ ತನ್ನ ಮೇಲಿನವರನ್ನು ಕೇಳಿದ. ಆ ಕಡೆಯ ದನಿ ಎಷ್ಟು ಜೋರಾಗಿತ್ತೆಂದರೆ ಕುರ್ಚಿಯಲ್ಲಿ ಕೂತ ಶರಣವ್ವನಿಗೂ ಕೇಳಿಸಿತು. ಲೈಸೆನ್ಸ್ ಇದೆಯೇ? ಬಂದೂಕು ಖಾಲಿ ಇದೆಯೇ? ಕಾಡತೂಸು ಬೇರೆ ಇಟ್ಟಿದ್ದಾರೆಯೇ, ಮಿತಿಯೊಳಗೆ ಇವೆಯೇ? ಪೊಲೀಸರ ಎದುರು ಪರೀಕ್ಷಿಸಿ, ಚೀಟಿ ಕಟ್ಟಿ, ಕೆಳಗಿನ ಸಾಮಾನಿನಲ್ಲಿ ಹಾಕಿ ಕಳಿಸುವುದಕ್ಕೆ ನಿನಗೇನು ಕಷ್ಟ?

ವಿನೋದ ಫೋನಿಟ್ಟು ಈಚೆ ಬಂದ. ಮುಖ ಕೆಂಪಾಗಿತ್ತು. "ಸಾರಿ ಮೇಡಂ. ನಾಳೆ ಫ್ಲೈಟಲ್ಲಿ ಸೀಟ್ ಮಾಡಿಸಿದೀನಿ, ಬೇರೆ ಟಿಕೆಟ್ ಬೇಡ. ನಿಜವಾಗ್ಲೂ ನನಗೆ ಗೊತ್ತಿರಲಿಲ್ಲ."

"ಗೊತ್ತಿರಲಿಲ್ಲಂದ್ರ ಅದೇನ್ ತಪ್ಪಲ್ರಿ. ಗೊತ್ತಿಲ್ದನ ಇಲ್ಲಂತ ಹೇಳಿದ್ರೆಲಾ, ಅದು ತಪ್ಪು," ಎಂದು ಶರಣವ್ವ ಆರಿಹೋದ ಚಹಾವನ್ನು ಒಂದೇ ಗುಟುಕಿಗೆ ಕುಡಿದು ಎದ್ದರು.

ಮರುದಿನ ಪೊಲೀಸ್ ಅಧಿಕಾರಿಯ ಎದುರು ಪೆಟ್ಟಿಗೆ ತೆರೆದರು. ಬಂದೂಕು ಜೋಡಿಸಿ, ನಡುವಿನಲ್ಲಿ ಬಾಗಿಸಿ ತೆರೆದು, ನಳಿಗೆಗಳನ್ನು ಬೆಳಕಿಗೆ ಹಿಡಿದು ತೋರಿಸಿದರು. ಅಧಿಕಾರಿ ಎರಡರಲ್ಲೂ ಕಣ್ಣಿಟ್ಟು ಆಚೆಯ ಬೆಳಕು ನೋಡಿದರು. ಮತ್ತೆ ಬಿಚ್ಚಿ ಇಟ್ಟು, ಕೀಲಿ ಹಾಕಿದ ಮೇಲೆ ವಿನೋದನೇ ಚೀಟಿ ಕಟ್ಟಿದ. ಶರಣವ್ವ ಅಂದು ಮೊದಲ ಸಲ ವಿಮಾನ ಹತ್ತಿದ್ದು. ಮೇಲೆ ಹಾರುವ ಭಯಕ್ಕಿಂತ ಪೆಟ್ಟಿಗೆಯನ್ನು ಎಲ್ಲಿ ಕೆಳಗೇ ಬಿಟ್ಟಾರೋ ಎಂಬ ಭಯವೇ ಹೆಚ್ಚಾಗಿ, ಕಿಟಕಿಗೆ ಹಣೆ ಹಚ್ಚಿ ಕೂತರು. ಇಬ್ಬರು ಆಳುಗಳು ಪೆಟ್ಟಿಗೆಯನ್ನು ಹಿಡಿದು ತಂದು ಏರಿಸುವುದು ಕಂಡಿತು. ಆಮೇಲೆ ಪಟ್ಟಿ ಬಿಗಿದುಕೊಂಡು ನಿದ್ದೆ ಹೋದರು. ಬೆಂಗಳೂರಿನಲ್ಲಿ ವಿಮಾನ ಬದಲಿಸುವಾಗ ಮತ್ತೊಂದು ವಾದಕ್ಕೆ ಸಜ್ಜಾಗಿಯೇ ಕೌಂಟರಿಗೆ ಹೋದರೆ, ಅಲ್ಲಿದ್ದ ಹುಡುಗಿ ತಲೆಯೆತ್ತಿಯೂ ನೋಡದೆ, "ಗನ್ನಾ? ಆ ಕಡೆ ಬನ್ನಿ," ಎಂದಳು.

ದಿಲ್ಲಿಯಲ್ಲಿ ಎಲ್ಲರ ಚೀಲಗಳೂ ಬಂದವು, ಪೆಟ್ಟಿಗೆ ಬರಲಿಲ್ಲ. ಶರಣವ್ವ ಸಾಮಾನು ಬರುವ ಬಾಗಿಲಿಗೇ ಕಣ್ಣು ನೆಟ್ಟು ನಿಂತರು. ಅಷ್ಟರಲ್ಲಿ ಒಬ್ಬ ಅದನ್ನು ಕೈಯಲ್ಲೇ ಹಿಡಿದುಕೊಂಡು ಬಂದು, ಗಂಡಸರ ಮುಖಗಳನ್ನೇ ಹುಡುಕುತ್ತ, "ಶರಣ್ ಸಾಬ್ ಕೌನ್ ಹೈ?" ಎಂದು ಕೂಗಿದ.

ಶರಣವ್ವ ಮುಂದೆ ಹೋಗಿ ಪೆಟ್ಟಿಗೆಯ ಹಿಡಿಕೆಗೆ ಕೈ ಹಾಕಿದರು. "ಸಾಬ್ ನಹೀ. ಶರಣವ್ವ."

ಒಂದು ದಿನ ತಡವಾಗಿದ್ದರಿಂದ ಅಭ್ಯಾಸದ ಹೊತ್ತು ತಪ್ಪಿತ್ತು. ಮೊದಲ ಸುತ್ತಿನಲ್ಲಿ ಬಿಲ್ಲೆಗಳು ಗುರಿಗೆ ಸಿಗದೆ ಹಾರಿಹೋದವು. ಎರಡನೆಯ ಸುತ್ತಿನಿಂದ ಕಣ್ಣು ಕೂಡಿತು. ಒಂದರ ಹಿಂದೊಂದು ಪುಡಿಯಾದವು. ಪದಕ ಬರಲಿಲ್ಲ. ಆದರೆ ಅಷ್ಟು ಬಿಲ್ಲೆಗಳನ್ನು ಅವರು ಹಿಂದೆಂದೂ ಒಡೆದಿರಲಿಲ್ಲ. ಅದರ ಮೇಲೆಯೇ ಮುಂದಿನ ವರ್ಷ ರಾಜ್ಯದ ಮಹಿಳಾ ತಂಡಕ್ಕೆ ಸೇರಿದರು. ಎರಡು ವರ್ಷದ ಮೇಲೆ ಆ ತಂಡಕ್ಕೆ ಕಂಚು ಬಂದಾಗ ಶರೀಫಸಾಬರು ಹಾಸಿಗೆ ಹಿಡಿದಿದ್ದರು. ಶರಣವ್ವ ಪದಕವನ್ನು ಒಯ್ದು ಅವರ ಕೈಯಲ್ಲಿಟ್ಟರು. ಮುದುಕರು ಅದನ್ನು ಎದೆಯ ಮೇಲಿಟ್ಟುಕೊಂಡು ಮಧ್ಯಾಹ್ನವೆಲ್ಲ ಮಲಗಿದ್ದರು.

ಕಣ್ಣಿನಲ್ಲಿ ಪೊರೆ ಬಂದ ಮೇಲೆ ಶರಣವ್ವ ಸ್ಪರ್ಧೆ ಬಿಟ್ಟರು. ಭಾನುವಾರ ಧಾರವಾಡದ ಗುಡ್ಡಕ್ಕೆ ಹೋಗುವುದನ್ನು ಬಿಡಲಿಲ್ಲ. ಎರಡು ಸಾವಿರದ ಹದಿಮೂರರಲ್ಲಿ ಅಲ್ಲಿ ಕಲಿಯುತ್ತಿದ್ದ ಬೆಂಗೇರಿಯ ಗೀತಾಂಜಲಿ ದಿಲ್ಲಿಗೆ ಹೊರಟಳು. ಆಕೆಯ ತಂದೆ ಉಳವಪ್ಪ ಶರಣವ್ವನ ಮನೆಗೇ ಬಂದರು.

"ಅಮ್ಮಾರ, ಹುಡುಗಿ ಒಬ್ಬಾಕಿನ ಬಂದೂಕ ತಗೊಂಡ ವಿಮಾನಕ್ಕ ಹ್ಯಾಂಗ ಹೋಗ್ತಾಳ್ರಿ? ಹೋಗಬ್ಯಾಡ ಅಂದ್ರ ಕೇಳವಲ್ಲಳು. ನೀವರ ಕೂಡ ಹೋಗ್ರಿ. ಇಲ್ಲಾಂದ್ರ ನಾನ ಹೋಗಿ ಕೌಂಟರದಾಗ ಮಾತಾಡಿ ಬರ್ತೇನಿ."

"ನಾನೂ ಹೋಗೂದಿಲ್ಲ, ನೀವೂ ಹೋಗಬ್ಯಾಡ್ರಿ," ಎಂದರು ಶರಣವ್ವ. "ಲೈಸೆನ್ಸ್ ಆಕೀ ಹೆಸರಿಲೆ ಐತಿ. ಕೇಳಿದ್ರ ಆಕೀನ ಹೇಳ್ಲಿ."

ಗೀತಾಂಜಲಿ ಒಬ್ಬಳೇ ಹೋದಳು. ಬೆಂಗಳೂರು ಮುಟ್ಟಿದ ಮೇಲೆ ಫೋನ್ ಮಾಡಿ, "ಕೇಳಿದ್ರು ರೀ ಅಮ್ಮಾರ. ಅಪ್ಪ ಬಂದಾರೇನಂತ ಕೇಳಿದ್ರು," ಎಂದಳು.

"ನೀ ಏನಂದಿ?"

"ಬಂದೂಕ ನಂದೈತಿ, ನಮ್ಮಪ್ಪಗ ಅದನ್ನ ಹಿಡಿಯಾಕೂ ಬರೂದಿಲ್ಲ ಅಂದ್ನಿರಿ."

ಶರಣವ್ವ ಬಾಯಿ ತುಂಬ ನಕ್ಕು, "ಊಟ ಮಾಡಿ ವಿಮಾನ ಹತ್ತು," ಎಂದು ಫೋನಿಟ್ಟರು.