ಸಾಲಿನ ಕೊನೆಯವನು

ಅನ್ಸೆಲ್ಮೊ ಕಸಿಮೀರೊ ಬೈಕು ಓಡಿಸುತ್ತಿದ್ದುದು ಯಾವಾಗಲೂ ಎಲ್ಲರ ಹಿಂದೆ. ಎತ್ತರದ ಬೆಟ್ಟದೂರು ತೋಲಾರ್ ಗ್ರಾಂದೆಯ ಸುತ್ತಲಿನ ಬಣ್ಣದ ಗುಡ್ಡಗಳಲ್ಲಿ ಸುತ್ತಾಡಲು ಕೆಳಗಿನ ರೊಸಾರಿಯೊ, ಕೊರ್ದೊಬಾ ನಗರಗಳ ಕಡೆಯಿಂದ ಬರುವ ಸವಾರರಿಗೆ ರುಬೆನ್ ಮುಂದಾಳು. ಬಿದ್ದವರನ್ನು ಎತ್ತುವುದು, ಪಂಕ್ಚರ್ ಹಾಕುವುದು, ಎತ್ತರಕ್ಕೆ ಉಸಿರು ಕಟ್ಟಿ ಕುಕ್ಕರಿಸಿದವರ ಬಾಯಿಗೆ ಎರಡು ಕೋಕಾ ಎಲೆ ಇಟ್ಟು ಧೈರ್ಯ ಹೇಳುವುದು ಅನ್ಸೆಲ್ಮೊನ ಕೆಲಸ. ಮುಂದಿನವರಿಗೆ ಕಾಣುವ ಕೆಂಪು ಬೆಟ್ಟ, ಅದರ ಮೈಮೇಲಿನ ಬಿಳಿ ಉಪ್ಪಿನ ಗೆರೆ, ದೂರದ ಹಳದಿ ಗಂಧಕದ ಗುಡ್ಡ ಇವೆಲ್ಲ ಅವನಿಗೆ ಕಾಣುತ್ತಿದ್ದುದು ಅವರೆಬ್ಬಿಸಿದ ಧೂಳಿನ ಮೂಲಕವೇ.

ಮೊದಲು ಅವನು ರೈಲ್ವೆಯಲ್ಲಿ ಹಳಿ ಕಾಯುವವನಾಗಿದ್ದ. ರೈಲು ನಿಂತಿತು, ಅರ್ಧ ಊರು ಖಾಲಿಯಾಯಿತು. ಹೆಂಡತಿ ನೆಲಿದಾಳ ಎದೆಗೆ ಈ ಎತ್ತರ ಆಗದೆಂದು ಡಾಕ್ಟರು ಹೇಳಿದ ಮೇಲೆ ಅವಳು ಕೆಳಗೆ ಸಾಲ್ತಾದಲ್ಲಿದ್ದ ಮಗಳ ಮನೆ ಸೇರಿದಳು. ಇವನೂ ಹೋಗಿ ನೋಡಿದ. ಆ ಗದ್ದಲದಲ್ಲಿ ನಿದ್ದೆ ಬಾರದೆ ವಾಪಸು ಬಂದ. ಜಗಳವೇನೂ ಆಗಲಿಲ್ಲ. ಫೋನುಗಳು ಮಾತ್ರ ವಿರಳವಾಗುತ್ತ ಹೋದವು.

ಆ ದಿನ ಮಧ್ಯಾಹ್ನದ ಗಾಳಿ ಎದ್ದಿತ್ತು. ದಾರಿ ಕವಲೊಡೆಯುವಲ್ಲಿ ರುಬೆನ್ ಒಬ್ಬ ಸವಾರನನ್ನು ನಿಲ್ಲಿಸಿ ಹೋಗುವುದು ಪದ್ಧತಿ. ಹಿಂದಿನವರಿಗೆ ದಿಕ್ಕು ತೋರಿಸುತ್ತ, ಅನ್ಸೆಲ್ಮೊ ಬರುವವರೆಗೂ ಅವನು ಅಲ್ಲಿಂದ ಕದಲುವಂತಿಲ್ಲ. ಅಂದು ಉಪ್ಪಿನ ಬಯಲಿನ ಕವಲಿನಲ್ಲಿ ನಿಂತವನು ಗಸ್ತೋನ್, ರೊಸಾರಿಯೊದ ಹಲ್ಲಿನ ಡಾಕ್ಟರು, ಮಾತಿನ ಮಲ್ಲ.

ಕವಲು ಇನ್ನೂ ಒಂದು ಗುಡ್ಡದಾಚೆ ಇರುವಾಗ ಅನ್ಸೆಲ್ಮೊನ ಮುಂಚಕ್ರ ಹಿಟ್ಟಿನಂಥ ಕೆಂಪು ಮಣ್ಣಿನಲ್ಲಿ ಹೂತು ಅಡ್ಡಕ್ಕೆ ತಿರುಗಿತು. ಬೈಕು ಮಗುಚಿ ಅವನ ಎಡಗಾಲಿನ ಮೇಲೆ ಬಿತ್ತು. ನೂರಾರು ಜನರನ್ನು ಹೀಗೆ ಬಿದ್ದಲ್ಲಿಂದ ಎತ್ತಿದವನು ಅವನು. ಮಲಗಿಕೊಂಡೇ ಕೈಯಿಂದ ತಳ್ಳಿ ನೋಡಿದ, ಜಗ್ಗಲಿಲ್ಲ. ವಾಕಿಟಾಕಿ ಗುಡ್ಡದ ಮರೆಯಲ್ಲಿ ಗೊರಗುಟ್ಟಿತು ಅಷ್ಟೆ.

ಮೊದಲು ಹೆದರಿಕೆಯಾಗಲಿಲ್ಲ. ಕವಲಿನಲ್ಲಿ ಗಸ್ತೋನ್ ಇದ್ದಾನಲ್ಲ, ಇನ್ನೂ ಬರಲಿಲ್ಲವಲ್ಲ ಎಂದು ಹಿಂದಿರುಗಿ ಬಂದು ನೋಡಿಯಾನು ಎಂದುಕೊಂಡ. ಇಂಜಿನ್ನಿನ ಸದ್ದಿಗಾಗಿ ಕಿವಿಗೊಟ್ಟ. ಗಾಳಿಯ ಸದ್ದೇ. ನೆರಳುಗಳು ಉದ್ದವಾದವು. ಎದುರಿನ ಗುಡ್ಡ ಕೆಂಪಿನಿಂದ ನೇರಳೆಗೆ ತಿರುಗುವುದನ್ನು ನೋಡಿದ. ಎಷ್ಟೋ ವರ್ಷಗಳಲ್ಲಿ ಅವನು ಅಲ್ಲಿ ಧೂಳಿಲ್ಲದೆ, ಸುಮ್ಮನೆ ನೋಡುತ್ತ ಇದ್ದುದು ಅದೇ ಮೊದಲು. ಚೆನ್ನಾಗಿಯೇ ಇತ್ತು. ಅದನ್ನು ಯಾರಿಗಾದರೂ ಹೇಳೋಣವೆನ್ನಿಸಿತು. ಆಗಲೇ ಭಯವಾದದ್ದು. ಕತ್ತಲಾದರೆ ಈ ಚಳಿ ಯಾರನ್ನೂ ಉಳಿಸುವುದಿಲ್ಲ.

ಸೊಂಟದ ಚೀಲದಲ್ಲಿದ್ದ ಟೈರ್ ಬಿಚ್ಚುವ ಲಿವರ್ ತೆಗೆದು ಮೊಣಕಾಲಿನ ಕೆಳಗಿನ ಮಣ್ಣನ್ನು ಕೆರೆಯತೊಡಗಿದ. ಬೆರಳುಗಳು ಮರಗಟ್ಟಿದಾಗ ಬಾಯಲ್ಲಿಟ್ಟು ಬೆಚ್ಚಗೆ ಮಾಡಿಕೊಂಡು ಮತ್ತೆ ಕೆರೆದ. ಕಡೆಗೆ ಕಾಲು ಬೂಟನ್ನು ಅಲ್ಲೇ ಬಿಟ್ಟು ಹೊರಬಂತು. ಬೈಕಿಗೆ ಬೆನ್ನುಕೊಟ್ಟು ಎತ್ತಿ ನಿಲ್ಲಿಸಿ, ಬೂಟು ಅಗೆದು ತೆಗೆದು ಹಾಕಿಕೊಂಡು, ಕುಂಟುತ್ತ ಹತ್ತಿದ.

ಕವಲಿನಲ್ಲಿ ಯಾರೂ ಇರಲಿಲ್ಲ. ಚಕ್ರದ ಗುರುತೊಂದು ಅಲ್ಲಿ ನಿಂತು, ಮುಂದೆ ಹೋಗಿತ್ತು.

ಊರಿನ ವಸತಿಗೃಹದಲ್ಲಿ ಎಲ್ಲರೂ ಊಟಕ್ಕೆ ಕುಳಿತಿದ್ದರು. ರುಬೆನ್ ತಟ್ಟೆಯಿಂದ ತಲೆಯೆತ್ತಿ, "ಎಲ್ಲಿ ಹಾಳಾಗಿ ಹೋಗಿದ್ಯೋ ಮಾರಾಯ? ಸೂಪು ಆರೇಹೋಯ್ತು," ಎಂದ.

"ಬಿದ್ದಿದ್ದೆ."

ಎಲ್ಲರೂ ಗೊಳ್ಳೆಂದು ನಕ್ಕರು. "ಎತ್ತೋನೇ ಬಿದ್ರೆ ನಮ್ಮ ಗತಿ ಏನಪ್ಪಾ!" ಎಂದು ಯಾರೋ ಮೇಜು ಕುಟ್ಟಿದರು. ಗಸ್ತೋನ್ ಕೂಡ ನಗುತ್ತಿದ್ದ. ಹರಿದ ಪ್ಯಾಂಟು, ಕೆಂಪು ಮಣ್ಣು ಮೆತ್ತಿದ ಕೈ ಕಂಡ ಮೇಲೆ ಅವನ ನಗು ಅರ್ಧಕ್ಕೇ ನಿಂತಿತು. ಅನ್ಸೆಲ್ಮೊ ಊಟ ಮುಗಿಸಿ ಹೊರಟಾಗ ಅವನು ಹಿಂದೆಯೇ ಬಾಗಿಲವರೆಗೆ ಬಂದು, ಗೌರವದ 'ದೋನ್' ಹಚ್ಚಿ ಕರೆದ.

"ದೋನ್ ಅನ್ಸೆಲ್ಮೊ, ಗಾಳಿ ಕೊರೀತಿತ್ತು ಕಣ್ರೀ... ನೀವು ಯಾವ್ದೋ ಅಡ್ಡದಾರೀಲಿ ಮುಂದೆ ಹೋಗಿರ್ತೀರಿ ಅಂದ್ಕೊಂಡೆ."

"ನಾನು ಮುಂದೆ ಹೋಗೋದಿಲ್ಲ, ಡಾಕ್ಟ್ರೇ," ಎಂದ ಅನ್ಸೆಲ್ಮೊ. ಸಿಟ್ಟಿನಿಂದಲ್ಲ, ಇದ್ದುದನ್ನು ಇದ್ದ ಹಾಗೆ. ಗಸ್ತೋನ್ ಅವನ ಕೈ ಹಿಡಿದುಕೊಂಡ. ಆಮೇಲೆ ಬಿಟ್ಟು ಒಳಗೆ ಹೋದ.

ಮನೆಗೆ ಹೋಗಿ ನೆಲಿದಾಳಿಗೆ ಫೋನು ಮಾಡಿದ. ಅವಳು ಮೊಮ್ಮಗಳ ಹುಟ್ಟುಹಬ್ಬ, ಸೋರುವ ನಲ್ಲಿ, ಪಕ್ಕದ ಮನೆಯವರ ನಾಯಿ ಎಂದು ಹೇಳುತ್ತ ಹೋದಳು. "ಅಲ್ಲೇನು ಸಮಾಚಾರ?" ಎಂದು ಕೇಳಿದಾಗ, "ಗಾಳಿ," ಎಂದ. "ಅದ್ಯಾವಾಗ ಇರಲ್ಲ ಅಲ್ಲಿ!" ಎಂದು ಅವಳು ನಕ್ಕು ಫೋನಿಟ್ಟಳು.

ಊದಿದ ಕಾಲು ಇಳಿಯುವವರೆಗೆ ಮನೆಯಲ್ಲೇ ಇದ್ದ. ಮುಂದಿನ ತಂಡ ಹೊರಡುವ ಬೆಳಿಗ್ಗೆ, ಬೈಕನ್ನು ಬೀದಿಯಲ್ಲಿ ನಿಲ್ಲಿಸಿ ಎದುರು ಮನೆಯ ಬಾಗಿಲು ತಟ್ಟಿದ. ಲಾಮಾ ಎಂಬ ಬೆಟ್ಟದ ಪ್ರಾಣಿಯ ಉಣ್ಣೆ ನೂಲುವ ಮುದುಕಿ ದೋನ್ಯಾ ಸಿಮೋನಾಳೊಂದಿಗೆ ಅವನು ಇಷ್ಟು ವರ್ಷ ನಮಸ್ಕಾರದಾಚೆ ಮಾತಾಡಿದವನಲ್ಲ.

"ದೋನ್ಯಾ ಸಿಮೋನಾ, ಇವತ್ತು ಸಂಜೆ ನಾನು ವಾಪಸ್ ಬರ್ತೀನಿ."

"ಬಾ. ಬ್ಯಾಡ ಅಂದೋರ್ಯಾರು?"

"ಅಲ್ಲ, ಅಕಸ್ಮಾತ್ ಬರದಿದ್ರೆ..."

"ಬರದಿದ್ರೆ ನಾನೇನಪ್ಪ ಮಾಡ್ಲಿ? ನನ್ನ ಹತ್ರ ಒಂದು ಕತ್ತೆನೂ ಇಲ್ಲ."

"ಏನೂ ಮಾಡೋದು ಬೇಡಮ್ಮ. ಬಂದಿಲ್ಲ ಅಂತ ಯಾರಿಗಾದ್ರೂ ಗೊತ್ತಾದ್ರೆ ಸಾಕು."

ಮುದುಕಿ ಕದಿರು ನಿಲ್ಲಿಸಿ ಅವನ ಮುಖವನ್ನೇ ನೋಡಿದಳು. ಆಮೇಲೆ, "ಬಂದ ಮೇಲೆ ಬಾಗಿಲು ತಟ್ಟಿ ಹೇಳಿ ಹೋಗು. ನಂಗೆ ಕಿವಿ ಮಂದ, ಜೋರಾಗಿ ತಟ್ಟು," ಎಂದು ಒಳಗೆ ಹೋದಳು.

ಅನ್ಸೆಲ್ಮೊ ಬೈಕು ಹತ್ತಿದ. ಬೀದಿಯ ತುದಿಯಲ್ಲಿ ಸವಾರರು ಒಬ್ಬೊಬ್ಬರಾಗಿ ಹೊರಡುತ್ತಿದ್ದರು. ಕೊನೆಯವನು ಹೋಗುವವರೆಗೂ ಕಾದಿದ್ದು, ಅವನೂ ಹೊರಟ.