ಕೆಂಪು ದಾರ ಕಟ್ಟಿದ ಸೇವಂತಿಗೆ

ನಮ್ಮ ಹಿತ್ತಲಿನ ಸೇವಂತಿಗೆ ಗಿಡ ಪಕ್ಕದ ಮನೆ ನೀಲಮ್ಮನವರ ಬಚ್ಚಲ ಬದಿಯಲ್ಲಿ ನಿಂತಿತ್ತು. ನಾನು ಗುರುತಿಗೆ ಕಟ್ಟಿದ್ದ ಕೆಂಪು ದಾರವೂ ಅದರ ಕಾಂಡದಲ್ಲೇ ಇತ್ತು.

ಸೊರಬ, ಆನವಟ್ಟಿಯ ಕಡೆಯಿಂದ ಐದು ಬಗೆಯ ಸೇವಂತಿಗೆಯನ್ನು ಒದ್ದೆ ಗೋಣಿಯಲ್ಲಿ ಸುತ್ತಿ ಸರ್ವಿಸ್ ಬಸ್ಸಿನಲ್ಲಿ ಶಿಕಾರಿಪುರಕ್ಕೆ ತಂದಿದ್ದೆ. ಯಾವುದು ಮಳೆಗಾಲ ಕಳೆದು ಮತ್ತೆ ಚಿಗುರುತ್ತದೆಂದು ಎರಡು ವರ್ಷ ತಾರೀಖು ಹಾಕಿ ಪುಸ್ತಕದಲ್ಲಿ ಬರೆದಿಟ್ಟೆ. ನಾಲ್ಕು ಬಗೆ ಸತ್ತವು. ಉಳಿದದ್ದು ಸಣ್ಣ ಹಳದಿ ಹೂವಿನ ಈ ಒಂದೇ ಗಿಡ. ಬರುವ ವಾರ ಅದರ ಬುಡದಲ್ಲಿ ಒಡೆದ ಕಂದುಗಳನ್ನು ಬಿಡಿಸಿ ಪಾತಿಯ ತುಂಬ ನೆಡುವವಳಿದ್ದೆ.

"ಅದು ನಮ್ದಲ್ಲೇನ್ರೀ?" ಎಂದೆ.

ನೀಲಮ್ಮನವರು ನಕ್ಕರು. "ನಿಂದೇ ಕಣವ್ವ. ಕೇಳಿ ತಂದ ಗಿಡ ಹತ್ತಲ್ಲ, ಕದ್ದು ತಂದ್ರೇನೇ ಹತ್ತೋದು. ದಾರ ಕಟ್ಟಿದ್ದಿ, ಒಳ್ಳೇದೇ ಇರ್ಬೇಕು ಅಂತ ಬೇರು ಸಮೇತ ಕಿತ್ಕೊಂಡು ಬಂದೆ."

"ಕೇಳಿದ್ರೆ ಎರಡು ಕಂದು ಕೊಡ್ತಿದ್ದೆ. ಬುಡದಾಗೆ ನೀರು ನಿಂತ್ರೆ ಸಾಯ್ತದೆ ಅಂತಾನೂ ಹೇಳ್ತಿದ್ದೆ."

"ಸಾಯ್ತದೆ ಅಂದ್ಬಿಟ್ಟಿಯಲ್ಲ, ಇನ್ನ ಹತ್ತಿದಂಗೇ ಬಿಡು."

ಎಂಟನೆಯ ದಿನಕ್ಕೆ ಬಚ್ಚಲ ನೀರಿನಲ್ಲಿ ಗಿಡ ಕೊಳೆಯಿತು. ನನ್ನ ಬಾಯಿ ತಾಗಿ ಸತ್ತಿತೆಂದು ಅವರು ಓಣಿಯಲ್ಲೆಲ್ಲ ಹೇಳಿಕೊಂಡು ಬಂದರು.

ನನ್ನ ಪುಸ್ತಕದಲ್ಲಿ ಗಿಡ ಸತ್ತ ಕಾರಣಕ್ಕೆ ಎರಡೇ ಕಾಲಂಗಳಿದ್ದವು, ಮಳೆ ಮತ್ತು ಹುಳ. ಅವತ್ತು ಮೂರನೆಯದನ್ನು ಎಳೆದು ನೀಲಮ್ಮ ಎಂದು ಬರೆದೆ. ಸಿಟ್ಟು ಇನ್ನೂ ಇಳಿದಿಲ್ಲ. ಬರುವ ಮಳೆಗಾಲದಿಂದ ಹೊಸ ಗಿಡ ತಂದು ವರ್ಷಗಳನ್ನು ಮತ್ತೆ ಒಂದರಿಂದ ಎಣಿಸಬೇಕು.